ಕಂತು, ಬ್ಯಾಟರಿ, ಬೆಳಕು: ಸೌರಶಕ್ತಿಯ ಮೌಲ್ಯ ಹುಟ್ಟುವ ಜಾಗ



ಸೌರವಿದ್ಯುತ್ತಿನ ಮಾತು ಬಂದಾಗಲೆಲ್ಲ ನಾವು ಮೆಗಾವಾಟ್ ಲೆಕ್ಕ ಹೇಳುತ್ತೇವೆ. ಎಷ್ಟು ಎಕರೆಗೆ ಪ್ಯಾನೆಲ್ ಹಾಸಿದರು, ಯೂನಿಟ್ ದರ ಎಷ್ಟಕ್ಕೆ ಇಳಿಯಿತು ಎಂದು ಕೇಳುತ್ತೇವೆ. ಈ ಲೆಕ್ಕವೆಲ್ಲ ಬೇಕಾದದ್ದೇ. ಆದರೆ ಆ ವಿದ್ಯುತ್ತಿನಿಂದ ಒಂದು ಸಂಸಾರಕ್ಕೆ ಏನು ಸಿಕ್ಕಿತು, ಅದು ಸಿಗುವಂತೆ ಮಾಡಿದವರು ಯಾರು ಎನ್ನುವುದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಕಾರ್ಖಾನೆಯಿಂದ ಹೊರಬಿದ್ದ ಪ್ಯಾನೆಲ್ಲಿಗೆ ಬೆಲೆಯಷ್ಟೇ ಇರುತ್ತದೆ. ಅದರ ಮೌಲ್ಯ ಹುಟ್ಟುವುದು ಬಳಸುವವರ ಮನೆಯಲ್ಲಿ, ಕೊಟ್ಟವರೂ ಕೊಂಡವರೂ ಕೂಡಿ ಮಾಡುವ ಕೆಲಸದಲ್ಲಿ. ಮಾರುಕಟ್ಟೆ ಶಾಸ್ತ್ರದ ವಿದ್ವಾಂಸರಾದ ಸ್ಟೀಫನ್ ವಾರ್ಗೊ ಮತ್ತು ರಾಬರ್ಟ್ ಲಷ್ 2004ರಲ್ಲಿ ಇಂಥ ವಾದವನ್ನು ಮಂಡಿಸಿ ಹೆಸರಾದರು. ನಮ್ಮ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದು ಅದಕ್ಕೂ ಮೊದಲೇ ಆಚರಣೆಯಲ್ಲಿತ್ತು.

ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆಗೂಡಿ ಬೆಂಗಳೂರಿನಲ್ಲಿ, ಸೌರದೀಪ ಮಾರುವ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ್ದು 1995ರಲ್ಲಿ. ಬಡವರಿಗೆ ಸೋಲಾರ್ ಕೊಳ್ಳುವ ಶಕ್ತಿಯಿಲ್ಲ, ಕೊಂಡರೂ ಕಾಪಾಡಿಕೊಳ್ಳಲು ಬರುವುದಿಲ್ಲ ಎಂದು ಬಲ್ಲವರೇ ಹೇಳುತ್ತಿದ್ದ ಕಾಲ ಅದು. ಬಡವರನ್ನು ನಂಬಿ ವ್ಯಾಪಾರ ನಡೆಯುವುದಿಲ್ಲ ಎಂಬ ಮಾತೂ ಅದರೊಂದಿಗೆ ಸೇರಿಕೊಂಡಿತ್ತು. ಈ ಮಾತುಗಳನ್ನು ಸುಳ್ಳು ಮಾಡಿದ್ದು ಯಾವ ಹೊಸ ಯಂತ್ರವೂ ಅಲ್ಲ, ಸಾಲದ ಕಂತು.

ಬೀದಿ ವ್ಯಾಪಾರಿಯೊಬ್ಬರ ಮಾತನ್ನು ಹಂದೆಯವರು ಅನೇಕ ಕಡೆ ನೆನೆದಿದ್ದಾರೆ. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ ಹತ್ತಾದರೆ ಕಟ್ಟಬಲ್ಲೆ ಎಂಬುದು ಅದರ ತಿರುಳು. ಮೊತ್ತ ಒಂದೇ. ಆದರೆ ದಿನದ ದುಡಿಮೆಯಲ್ಲಿ ಬದುಕುವವರ ಕೈಯಲ್ಲಿ ತಿಂಗಳ ಕೊನೆಗೆ ಮುನ್ನೂರು ಉಳಿದಿರುವುದಿಲ್ಲ. ಕರ್ನಾಟಕದ ಕರಾವಳಿಗೆ ಈ ಜ್ಞಾನ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಯೋಜನೆ ತಂದು, ಏಜೆಂಟರನ್ನು ಮನೆಬಾಗಿಲಿಗೆ ಕಳಿಸಿ, ದಿನಕ್ಕೆ ಎರಡಾಣೆ ಕೂಡಿಸಿತ್ತು. ಮುಂದೆ ಇದೇ ಬ್ಯಾಂಕೂ ಗ್ರಾಮೀಣ ಬ್ಯಾಂಕುಗಳೂ ಸೌರದೀಪಕ್ಕೆ ಸಾಲ ಕೊಟ್ಟವು. ಅಡಿಕೆ ಮಾರಿದ ಮೇಲೆ ಹಣ ಬರುವವರಿಗೆ ಒಂದು ಬಗೆಯ ಕಂತು, ಸಂತೆಯಲ್ಲಿ ದಿನವೂ ಮಾರುವವರಿಗೆ ಇನ್ನೊಂದು ಬಗೆ ಇರಬೇಕು ಎಂಬುದು ಗ್ರಾಹಕರ ಜೇಬು ಕಲಿಸಿದ ಪಾಠ. ಕಲಿಯಲು ಒಪ್ಪಿದ್ದು ಕೊಡುವವರ ದೊಡ್ಡತನ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಈ ಜಾಣ್ಮೆಗೂ ಮನ್ನಣೆ ಸಿಕ್ಕಿತು ಎಂದೇ ನಾನು ತಿಳಿದಿದ್ದೇನೆ.

ಕಂತು ಗೊತ್ತಾದ ಮೇಲೆ ಬರುವ ಪ್ರಶ್ನೆ, ಬಲ್ಬನ್ನು ಎಲ್ಲಿ ನೇತುಹಾಕುವುದು? ಇದು ಸಣ್ಣ ವಿಷಯವಲ್ಲ. ನಾಲ್ಕೇ ದೀಪಗಳ ವ್ಯವಸ್ಥೆಯಲ್ಲಿ ಒಂದೊಂದು ದೀಪದ ಜಾಗವೂ ಸಂಸಾರದ ಆಯ್ಕೆ. ರಾತ್ರಿ ಕೂತು ಅಡಿಕೆ ಸುಲಿಯುವ ಮನೆಯಲ್ಲಿ ಒಂದು ದೀಪ ಜಗಲಿಗೆ ಬರಬೇಕು. ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಹಾಲು ಕರೆಯುವ ಹೆಂಗಸಿಗೆ ಅಲ್ಲೊಂದು ಬೇಕು. ಮನೆಯ ಯಜಮಾನನನ್ನು ಮಾತ್ರ ಕೇಳಿದರೆ ದೀಪ ಚಾವಡಿಗೆ ಹೋಗುತ್ತದೆ, ಅಡುಗೆಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉಳಿಯುತ್ತದೆ. ಪ್ಯಾನೆಲ್ ಅದೇ, ಬ್ಯಾಟರಿ ಅದೇ; ಆದರೆ ಹೊಗೆ ಕುಡಿಯುವವಳು ಹೊಗೆ ಕುಡಿಯುತ್ತಲೇ ಇರುತ್ತಾಳೆ. ಯಾರನ್ನು ಕೇಳಿ ತಂತಿ ಎಳೆದರು ಎಂಬುದನ್ನು ಪ್ರತಿಯೊಂದು ಯೋಜನೆಯ ವರದಿಯಲ್ಲೂ ಬರೆಯಬೇಕೆಂದು ನನ್ನ ಆಗ್ರಹ.

ಬೆಳಕಿನಿಂದ ದುಡಿಮೆಗೆ ದಾಟಿದರೆ, ಮೌಲ್ಯ ಹುಟ್ಟುವುದು ಬಳಸುವವರ ಕೈಯಲ್ಲಿ ಎಂಬ ಮಾತು ಇನ್ನೂ ಗಟ್ಟಿಯಾಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಗಾಳಿ ಊದಲು ಹೆಂಡತಿಯೋ ಮಗನೋ ಕೂತಿರಬೇಕಿತ್ತು. ಸೋಲಾರ್ ಬ್ಲೋವರ್ ಬಂದ ಕುಲುಮೆಗಳಲ್ಲಿ ಆ ಕೈಗಳಿಗೆ ಬಿಡುವು ಸಿಕ್ಕಿದೆ. ಉತ್ತರ ಕರ್ನಾಟಕದಲ್ಲಿ ಸೌರಶಕ್ತಿಯ ರೊಟ್ಟಿ ಯಂತ್ರಗಳು ಹೆಣ್ಣುಮಕ್ಕಳ ಭುಜದ ನೋವು ಇಳಿಸಿ, ಖಡಕ್ ರೊಟ್ಟಿಯನ್ನು ಮಾರಾಟದ ಸರಕಾಗಿ ಬೆಳೆಸಲು ನೆರವಾಗಿವೆ. ಉಳಿದ ಹೊತ್ತನ್ನು ಏನು ಮಾಡಬೇಕೆಂದು ತೀರ್ಮಾನಿಸಿದವರು, ಗಿರಾಕಿಗಳನ್ನು ಹುಡುಕಿದವರು ಆ ಹೆಣ್ಣುಮಕ್ಕಳೇ. ಯಂತ್ರ ಕೊಟ್ಟವರ ಲೆಕ್ಕದಲ್ಲಿ ಈ ಶ್ರಮಕ್ಕೆ ಕಾಲಂ ಇಲ್ಲ.

ಇನ್ನು ರಿಪೇರಿ. ಸೀಸದ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕದಿದ್ದರೆ ಅದು ಬೇಗ ಸಾಯುತ್ತದೆ. ಪ್ಯಾನೆಲ್ಲಿನ ಮೇಲೆ ಧೂಳು ಕೂತರೆ, ಪಕ್ಕದ ಹಲಸಿನ ಕೊಂಬೆ ಬೆಳೆದು ನೆರಳು ಬಿದ್ದರೆ ಉತ್ಪಾದನೆ ಕುಗ್ಗುತ್ತದೆ. ಒರೆಸುವ ಕೈ ಮನೆಯವರದು. ಕರೆದಾಗ ಬರುವ ಕಾಲು ಕೊಟ್ಟವರದು. ಪುಕ್ಕಟೆಯಾಗಿ ಹಂಚಿದ ದೀಪಗಳು ಬೇಗ ಕತ್ತಲಾಗುವುದಕ್ಕೆ ಜನರ ಅಸಡ್ಡೆ ಕಾರಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಂಚಿದವರು ಮತ್ತೆ ಆ ಊರಿಗೆ ಹೋಗದಿದ್ದಾಗ ದೀಪ ಆರುತ್ತದೆ.

ಈಗ ಮನೆಯ ದೀಪಗಳಿಂದ ದೊಡ್ಡ ಸ್ಥಾವರದತ್ತ, ಪಾವಗಡಕ್ಕೆ ಬರೋಣ. ತುಮಕೂರು ಜಿಲ್ಲೆಯ ಈ ಬರದ ಸೀಮೆಯಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಭೂಮಿಯನ್ನು ಕಸಿಯಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಿಸುವ ಕರಾರು. ಮಳೆ ಕೈಕೊಟ್ಟ ಕಡೆ ನಿಶ್ಚಿತ ಆದಾಯ ದೊಡ್ಡ ಮಾತು, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಜಮೀನಿಲ್ಲದ ಕೂಲಿಯವನಿಗೆ ಗುತ್ತಿಗೆ ಹಣವಿಲ್ಲ, ಕಳೆ ಕೀಳುವ, ಕಡಲೆಕಾಯಿ ಕೀಳುವ ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಅಲ್ಲಿ ಹುಟ್ಟುವ ಕರೆಂಟ್ ಗ್ರಿಡ್ ಸೇರಿ ದೂರ ಹೋಗುತ್ತದೆ. ಆ ವಿದ್ಯುತ್ತಿಗೆ ಮೌಲ್ಯ ಕೂಡುವ ಅವಕಾಶ ಆ ಹಳ್ಳಿಗಳಿಗೆ ಸಿಕ್ಕಿಲ್ಲ. ಭೂಹೀನರಿಗೂ ವರ್ಷಕ್ಕೊಂದು ಪಾಲು, ಊರಿನ ದುಡಿಮೆಗಳಿಗೆ ಅಲ್ಲಿನದೇ ವಿದ್ಯುತ್ತು ಎಂದು ಕರಾರಿನಲ್ಲಿ ಬರೆಯಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಪೇಟೆಯ ಚಾವಣಿಗಳಲ್ಲಿ ಇನ್ನೊಂದು ತೊಡಕು. ಕೇಂದ್ರದ 2024ರ ಪಿಎಂ ಸೂರ್ಯ ಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಇತ್ತ 2023ರಿಂದ ರಾಜ್ಯದ ಗೃಹಜ್ಯೋತಿಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮಿತಿಯೊಳಗಿದ್ದರೆ, 200 ಯೂನಿಟ್ ವರೆಗೆ ಬಿಲ್ಲೇ ಇಲ್ಲ. ಬಡಮನೆಯ ವಿದ್ಯುತ್ ಬಿಲ್ಲಿನ ಭಾರ ಇಳಿದದ್ದು ಒಳ್ಳೆಯದೇ. ಆದರೆ ಬಿಲ್ಲೇ ಬರದ ಮನೆಯವರು ಸಾಲ ಮಾಡಿ ಪ್ಯಾನೆಲ್ ಏಕೆ ಹಾಕಿಸುತ್ತಾರೆ? ಉಳಿತಾಯವೊಂದನ್ನೇ ಮೌಲ್ಯವೆಂದು ಹೇಳುತ್ತ ಬಂದ ಮಾರಾಟಗಾರರ ಬಳಿ ಇದಕ್ಕೆ ಉತ್ತರವಿಲ್ಲ. ಮಳೆಗಾಲದಲ್ಲಿ ಲೈನ್ ಹೋದಾಗಲೂ ಓಡುವ ಮಿಕ್ಸಿ, ನಿಲ್ಲದ ಹೊಲಿಗೆ ಯಂತ್ರ, ಕೆಡದ ಹಾಲು ಬೇಕೆಂದರೆ ಬ್ಯಾಟರಿಯೂ ಬೇಕು. ಗ್ರಿಡ್ಡಿಗೆ ಮಾತ್ರ ಜೋಡಿಸಿದ ಪ್ಯಾನೆಲ್, ಕರೆಂಟ್ ಹೋದಾಗ ಸುರಕ್ಷತೆಗಾಗಿ ತಾನೂ ನಿಂತುಬಿಡುತ್ತದೆ. ಇದನ್ನು ಕೊಳ್ಳುವ ಮುನ್ನವೇ ಹೇಳುವುದು ಮಾರುವವರ ಕರ್ತವ್ಯ.

ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ಸೂರ್ಯ ಘರ್ ಯೋಜನೆಯಲ್ಲಿ ಮಾರಾಟಗಾರರ ನಿರ್ವಹಣೆಯ ಹೊಣೆ ಐದು ವರ್ಷಕ್ಕೆ ಮುಗಿಯುತ್ತದೆ. ಉಳಿದ ಇಪ್ಪತ್ತು ವರ್ಷ ಯಾರ ಪಾಲು? ಹೋಬಳಿಗೊಬ್ಬರಂತೆ ಐಟಿಐ ಕಲಿತ ಯುವಕ ಯುವತಿಯರನ್ನು ತಯಾರು ಮಾಡಿ, ಅವರ ಫೋನ್ ನಂಬರನ್ನು ಮೀಟರ್ ಬೋರ್ಡಿನ ಮೇಲೆ ಅಂಟಿಸಲಿ. ಅವರ ಸಂಬಳಕ್ಕೆ ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ), ಮಾರಾಟಗಾರರು, ಗ್ರಾಹಕರು ಮೂವರೂ ಪಾಲು ಹಾಕಲಿ. ಎಸ್ಕಾಂ ಅಧಿಕಾರಿಗಳು, ಬ್ಯಾಂಕಿನವರು ಈ ಸಭೆಯಲ್ಲಿದ್ದರೆ, ಭಾಷಣ ಮುಗಿದ ಮೇಲೆ ಈ ಪಾಲಿನ ಲೆಕ್ಕ ಹಾಕಲು ನಾನು ಇಲ್ಲೇ ಇರುತ್ತೇನೆ.