ಗಡಿಯಾಚೆಯ ಚಿಕಿತ್ಸೆ, ಗಡಿಯೀಚೆಯ ಹೊಣೆ



ಆರೋಗ್ಯ ಮತ್ತು ಕಾನೂನನ್ನು ಒಟ್ಟಿಗೆ ಚರ್ಚಿಸುವ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಗಡಿ ದಾಟುವ ರೋಗಿಯ ಹಕ್ಕಿನ ಬಗ್ಗೆ ಮಂಗಳೂರಿನಲ್ಲಿ ನಿಂತು ಮಾತನಾಡುವುದಕ್ಕೆ ವಿಶೇಷ ಔಚಿತ್ಯವಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ದುಡ್ಡಿದ್ದವರು ಯಾವ ದೇಶಕ್ಕಾದರೂ ಹೋಗಿ ಚಿಕಿತ್ಸೆ ಪಡೆದು ಬರುತ್ತಾರೆ; ಅವರಿಗೆ ಹಕ್ಕಿನ ಹಂಗಿಲ್ಲ. ವರ್ಷಗಟ್ಟಲೆ ತೆರಿಗೆ ತೆತ್ತು, ವಿಮೆಯ ಕಂತು ಕಟ್ಟಿದ ಸಾಮಾನ್ಯ ಮನುಷ್ಯ ತನ್ನಲ್ಲಿ ಸಿಗದ ಚಿಕಿತ್ಸೆಗಾಗಿ ಗಡಿ ದಾಟಿದರೆ ಬಿಲ್ಲು ಯಾರು ಕಟ್ಟಬೇಕು? ಹಕ್ಕಿನ ಪ್ರಶ್ನೆ ಹುಟ್ಟುವುದೇ ಇಲ್ಲಿ. ಯುರೋಪ್ ಒಕ್ಕೂಟ ಇದಕ್ಕೆ ಉತ್ತರ ಹುಡುಕಿದ ಬಗೆಯಿಂದ ನಾವು ಕಲಿಯಬೇಕಾದದ್ದಿದೆ.

ಅಲ್ಲಿ ಮೊಕದ್ದಮೆ ಶುರುವಾದದ್ದು ಒಂದು ಕನ್ನಡಕದಿಂದ. ಲಕ್ಸೆಂಬರ್ಗಿನ ಡೆಕರ್ ಎಂಬವರು ವೈದ್ಯರ ಚೀಟಿ ಹಿಡಿದು ಪಕ್ಕದ ಬೆಲ್ಜಿಯಂನ ಆರ್ಲಾನ್ ಪಟ್ಟಣದಲ್ಲಿ ಕನ್ನಡಕ ಕೊಂಡರು. ಮೊದಲೇ ಅನುಮತಿ ಪಡೆದಿಲ್ಲವೆಂದು ವಿಮಾ ನಿಧಿ ಹಣ ಕೊಡಲಿಲ್ಲ. ಅದೇ ದೇಶದ ಕೋಲ್ ಎಂಬವರು ಮಗಳ ಹಲ್ಲಿನ ಸಾಲು ಸರಿಪಡಿಸಲು ಜರ್ಮನಿಯ ಟ್ರಿಯರ್‌ಗೆ ಕರೆದೊಯ್ಯಲು ಅನುಮತಿ ಕೇಳಿದರೆ, ತುರ್ತಿಲ್ಲ, ಇಲ್ಲೇ ಆಗುತ್ತದೆ ಎಂದು ನಿಧಿ ನಿರಾಕರಿಸಿತು. 1998ರ ಏಪ್ರಿಲ್ 28ರಂದು ಯುರೋಪಿನ ನ್ಯಾಯಾಲಯ ಇಬ್ಬರ ಪರವಾಗಿಯೂ ತೀರ್ಪಿತ್ತಿತು. ಒಕ್ಕೂಟದೊಳಗೆ ಸರಕು ಮತ್ತು ಸೇವೆಗಳು ಮುಕ್ತವಾಗಿ ಸಾಗಬಹುದಾದರೆ ವೈದ್ಯಕೀಯವೂ ಅದಕ್ಕೆ ಹೊರತಲ್ಲ. ಸ್ವದೇಶದ ದರದಲ್ಲೇ ಹಣ ಕೊಟ್ಟರೆ ನಿಧಿಗೆ ಹೊರೆಯೂ ಆಗದು ಎಂಬುದು ಅದರ ತರ್ಕ.

ಆಸ್ಪತ್ರೆಯ ಚಿಕಿತ್ಸೆಯ ವಿಷಯದಲ್ಲಿ ನ್ಯಾಯಾಲಯ ಇನ್ನಷ್ಟು ಎಚ್ಚರ ವಹಿಸಿತು. ಹಾಸಿಗೆ, ಸಿಬ್ಬಂದಿ, ಯಂತ್ರಗಳನ್ನು ಯೋಜನೆಯಂತೆ ಹೊಂದಿಸಬೇಕಾದ್ದರಿಂದ ಪೂರ್ವಾನುಮತಿ ಕೇಳುವುದು ತಪ್ಪಲ್ಲ ಎಂದು 2001ರಲ್ಲಿ ಹೇಳಿತು. ಆದರೆ ಅನುಮತಿಯ ಮಾನದಂಡ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಅಷ್ಟೇ ಪರಿಣಾಮಕಾರಿಯಾದ ಚಿಕಿತ್ಸೆ ಅನುಚಿತ ವಿಳಂಬವಿಲ್ಲದೆ ಸ್ವದೇಶದಲ್ಲಿ ಸಿಗುವುದಾದರೆ ಮಾತ್ರ ನಿರಾಕರಿಸಬಹುದು ಎಂಬ ಷರತ್ತನ್ನೂ ಹಾಕಿತು.

ಹಾಗಾದರೆ ಎಷ್ಟು ಕಾಯುವುದು ವಿಳಂಬ? ಇಂಗ್ಲೆಂಡಿನ ವಾಟ್ಸ್ ಎಂಬ ವೃದ್ಧೆಯ ಪ್ರಕರಣ ಇದಕ್ಕೆ ಉತ್ತರ ಕೊಟ್ಟಿತು. ಸೊಂಟದ ಕೀಲು ಸವೆದಿದ್ದ ಆಕೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಮೊದಲು ಒಂದು ವರ್ಷ, ನೋವು ಹೆಚ್ಚಿದ ಮೇಲೆ ಮೂರು ನಾಲ್ಕು ತಿಂಗಳು ಕಾಯಲು ಹೇಳಿತು. ಆಕೆ 2003ರಲ್ಲಿ ಫ್ರಾನ್ಸಿಗೆ ಹೋಗಿ 3,900 ಪೌಂಡ್ ಕೊಟ್ಟು ಕೀಲು ಬದಲಿಸಿಕೊಂಡು ಬಂದರು. ಸರದಿ ಪಟ್ಟಿಯಿದೆ ಎಂಬ ಒಂದೇ ಕಾರಣಕ್ಕೆ ಇಲ್ಲವೆನ್ನುವಂತಿಲ್ಲ, ರೋಗಿಯ ಸ್ಥಿತಿ, ನೋವಿನ ತೀವ್ರತೆ, ಕಾಯಿಲೆ ಸಾಗುವ ದಾರಿ ಇವನ್ನೆಲ್ಲ ನೋಡಿ ನಿರ್ಧರಿಸಬೇಕು ಎಂದು 2006ರ ತೀರ್ಪು ಹೇಳಿತು. 2014ರಲ್ಲಿ ರೊಮೇನಿಯಾದ ಹೃದ್ರೋಗಿಯೊಬ್ಬರ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಸ್ಪತ್ರೆಯ ಕಟ್ಟಡವಿದೆ, ವೈದ್ಯರಿದ್ದಾರೆ, ಆದರೆ ಔಷಧಿಯೂ ಮೂಲಭೂತ ಸಾಮಗ್ರಿಯೂ ಇಲ್ಲದೆ ಸಕಾಲದಲ್ಲಿ ಚಿಕಿತ್ಸೆ ಅಸಾಧ್ಯವಾದರೆ, ಅನುಮತಿ ನಿರಾಕರಿಸುವಂತಿಲ್ಲ ಎಂದಾಯಿತು.

ಈ ತೀರ್ಪುಗಳಲ್ಲಿ ವಿಚಾರಣೆಗೆ ಒಳಗಾದದ್ದು ಪರದೇಶದ ಆಸ್ಪತ್ರೆಯಲ್ಲ, ರೋಗಿಯ ಸ್ವಂತ ಸರ್ಕಾರ. ಗಡಿ ದಾಟುವ ಹಕ್ಕು ಮೂಲತಃ ಮನೆಯ ವ್ಯವಸ್ಥೆಯನ್ನು ಲೆಕ್ಕ ಕೇಳುವ ಹಕ್ಕು. ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ತೀರ್ಪುಗಳ ಸಾರವನ್ನು 2011ರ ಯುರೋಪ್ ನಿರ್ದೇಶನ ಕಾನೂನಾಗಿಸಿತು. ಸದಸ್ಯ ದೇಶಗಳು 2013ರ ಅಕ್ಟೋಬರ್ 25ರೊಳಗೆ ಅದನ್ನು ಜಾರಿಗೆ ತರಬೇಕಿತ್ತು. ಪ್ರತಿ ದೇಶದಲ್ಲೂ ಮಾಹಿತಿ ಕೇಂದ್ರವಿರಬೇಕು. ಹೊರಗಿನ ರೋಗಿಯಿಂದ ಸ್ಥಳೀಯರಿಗಿಂತ ಹೆಚ್ಚು ಶುಲ್ಕ ವಸೂಲಿ ಮಾಡಬಾರದು. ಚಿಕಿತ್ಸೆಯ ದಾಖಲೆಯ ಪ್ರತಿ ಕೊಡಬೇಕು. ನಿರಾಕರಣೆಗೆ ಕಾರಣ ತಿಳಿಸಬೇಕು. ಅಪರೂಪದ ಕಾಯಿಲೆಗಳಿಗೆಂದು 2017ರಲ್ಲಿ ತಜ್ಞ ಆಸ್ಪತ್ರೆಗಳ 24 ಜಾಲಗಳೂ ಆರಂಭವಾದವು. ಇಲ್ಲಿ ರೋಗಿಯ ಬದಲು ಅವನ ವರದಿಗಳೇ ಗಡಿ ದಾಟುತ್ತವೆ.

ಕೊರತೆಯೂ ಇದೆ. ಈ ನಿರ್ದೇಶನದಡಿ ರೋಗಿ ಸಾಮಾನ್ಯವಾಗಿ ಮೊದಲು ಕೈಯಿಂದ ಕೊಟ್ಟು, ಆಮೇಲೆ ತನ್ನ ದೇಶದ ದರದಲ್ಲಿ ವಾಪಸು ಪಡೆಯಬೇಕು. ಬಲ್ಗೇರಿಯಾದ ಸೋಫಿಯಾ ನಗರದ ದರದಲ್ಲಿ ಬರ್ಲಿನ್ನಿನ ಬಿಲ್ಲು ತೀರುವುದಿಲ್ಲ. ಬಡ ದೇಶದ ಬಡ ರೋಗಿಗೆ ಈ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ರೋಗಿಗಳು ಪ್ರವಾಹವಾಗಿ ಹರಿದು ಬಂದಾರೆಂದು ಸರ್ಕಾರಗಳು ಅಂಜಿದ್ದವು, ಬಂದವರು ತೀರ ಕಡಿಮೆ. ಮನೆಯ ಹತ್ತಿರವೇ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಯಾವ ರೋಗಿಯೂ ಪರಭಾಷೆಯ ವಾರ್ಡಿನಲ್ಲಿ ಮಲಗಲು ಬಯಸುವುದಿಲ್ಲ.

ಈಗ ನಮ್ಮ ಮಂಗಳೂರಿಗೆ ಬರೋಣ. ಪಕ್ಕದ ಕೇರಳದ ಕಾಸರಗೋಡಿನ ಜನ, ಅವರಲ್ಲಿ ಅನೇಕ ಕನ್ನಡಿಗರು, ದೊಡ್ಡ ಕಾಯಿಲೆ ಬಂದರೆ ನೆಚ್ಚಿಕೊಂಡಿರುವುದು ಈ ಊರಿನ ಆಸ್ಪತ್ರೆಗಳನ್ನು. 2020ರ ಕೋವಿಡ್ ದಿನಗಳಲ್ಲಿ ಕರ್ನಾಟಕ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿತು. ರೋಗಿಗಳು ಗಡಿಯಿಂದಲೇ ಹಿಂದಿರುಗಬೇಕಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳ ಸಂಚಾರಕ್ಕೆ ನಿಯಮಗಳು ಒಪ್ಪಿತವಾದ ಮೇಲೆ ಏಪ್ರಿಲ್ 7ರಂದು ಇತ್ಯರ್ಥವಾಯಿತು. ಸಾರ್ವಭೌಮ ದೇಶಗಳ ನಡುವೆ ರೋಗಿಯ ದಾರಿಗೆ ಕಾನೂನೇ ಇರುವಾಗ, ಒಂದೇ ಸಂವಿಧಾನದ ಕೆಳಗಿರುವ ಎರಡು ರಾಜ್ಯಗಳ ನಡುವಿನ ದಾರಿಗೆ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಆದ್ದರಿಂದ ಈ ಸಮ್ಮೇಳನದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಯಾವ ಸಂಕಟ ಕಾಲದಲ್ಲೂ ರಾಜ್ಯದ ಗಡಿಯಲ್ಲಿ ಆಂಬುಲೆನ್ಸ್ ತಡೆಯದಂತೆ ಶಾಶ್ವತ ನಿಯಮ ಬರಲಿ. ಆಯುಷ್ಮಾನ್ ಭಾರತದ ಕಾರ್ಡು ದೇಶದ ಎಲ್ಲ ಕಡೆ ನಡೆಯಬೇಕೆಂಬ ಮಾತು ಆಸ್ಪತ್ರೆಯ ಕೌಂಟರಿನಲ್ಲೂ ನಡೆಯಲಿ. ಕಾರ್ಡು ನಿರಾಕರಿಸಿದರೆ ಆಸ್ಪತ್ರೆ ಕಾರಣವನ್ನು ಬರೆದು ಕೊಡಲಿ. ಮೆಡಿಕಲ್ ವೀಸಾದಲ್ಲಿ ನಮ್ಮಲ್ಲಿಗೆ ಬರುವ ವಿದೇಶಿ ರೋಗಿಗೂ ಲಿಖಿತ ದರಪಟ್ಟಿ, ದಾಖಲೆಯ ಪ್ರತಿ, ದೂರು ಕೊಡುವ ಜಾಗ ಸಿಗಲಿ.

ವೈದ್ಯರು ಇದನ್ನು ವಕೀಲರ ಕೆಲಸವೆಂದೂ ವಕೀಲರು ಸರ್ಕಾರದ ಕೆಲಸವೆಂದೂ ಬಿಟ್ಟುಬಿಡಬಾರದು. ನಾಳೆಯ ಗೋಷ್ಠಿಗಳಲ್ಲಿ ಈ ಬೇಡಿಕೆಗಳನ್ನು ಚರ್ಚಿಸಿ, ತಿದ್ದಿ, ನಿರ್ಣಯವಾಗಿ ಅಂಗೀಕರಿಸಿ ಎರಡೂ ರಾಜ್ಯಗಳ ಸರ್ಕಾರಗಳಿಗೆ ಕಳಿಸಬೇಕೆಂದು ಕೋರುತ್ತೇನೆ.