ತಟ್ಟೆ ಮಾರಿದ ಲೆಕ್ಕ

ಸಂತೆಯಲ್ಲಿ ಈ ವಾರ ಬದನೆಕಾಯಿ ಹೆಚ್ಚು ಬಿಕರಿಯಾಯಿತೆ, ಹೀರೇಕಾಯಿ ಹೆಚ್ಚು ಬಿಕರಿಯಾಯಿತೆ ಎಂದು ಯಾರೂ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ. ಹಾಕಿಸಿದರೂ ಅದನ್ನು ಓದಿ ಬದನೆಕಾಯಿಯ ರುಚಿಯನ್ನು ಯಾರೂ ನಿರ್ಣಯಿಸುವುದಿಲ್ಲ. ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಯಾವ ಹಾಡಿನ ತಟ್ಟೆ ಎಷ್ಟು ಖರ್ಚಾಯಿತು ಎಂದು ತಿಳಿಯುವ ಕುತೂಹಲ ಎಲ್ಲರಿಗೂ ಉಂಟು. ಇಂಗ್ಲೆಂಡಿನಲ್ಲಿ ಈ ಕುತೂಹಲವೇ ವಾರವಾರದ ಒಂದು ವ್ರತದ ಹಾಗೆ ಬೆಳೆಯಿತು.

ಅದು ಪ್ರಾರಂಭವಾದದ್ದು 1952ರ ನವೆಂಬರ್ 14ರಂದು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಲಂಡನ್ನಿನ ವಾರಪತ್ರಿಕೆಯಲ್ಲಿ ಪರ್ಸಿ ಡಿಕಿನ್ಸ್ ಎಂಬುವರು ಜಾಹೀರಾತಿನ ಕೆಲಸ ನೋಡುತ್ತಿದ್ದರು. ಅವರು ಸುಮಾರು 20 ಅಂಗಡಿಗಳಿಗೆ ಟೆಲಿಫೋನು ಮಾಡಿ, ಯಾವ ಯಾವ ತಟ್ಟೆ ಹೆಚ್ಚು ಹೋಯಿತು ಎಂದು ವಿಚಾರಿಸಿ, ಬಂದ ಉತ್ತರಗಳನ್ನು ಕೂಡಿಸಿ ಒಂದು ಪಟ್ಟಿ ಮಾಡಿದರು. ಪಟ್ಟಿಯಲ್ಲಿದ್ದ ಸ್ಥಾನಗಳು 12, ಹಾಡುಗಳು 15. ಕೆಲವು ಸಮಸಮ ಬಂದಿದ್ದುವು. ಮೊದಲ ಸ್ಥಾನ ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕನಿಗೆ ದೊರೆತು, ಒಂಬತ್ತು ವಾರ ಅವನ ಹತ್ತಿರವೇ ಉಳಿಯಿತು. ಇಡೀ ದೇಶದ ಅಭಿರುಚಿಯನ್ನು 20 ಅಂಗಡಿಯವರು ಫೋನಿನಲ್ಲಿ ಹೇಳಿಬಿಟ್ಟರು, ನೋಡಿ! ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಪ್ರಾರಂಭವಾಯಿತು. ಬುಧವಾರ ರಾತ್ರಿ ರೇಡಿಯೊದ ಮುಂದೆ ಕುಳಿತು, ನಮ್ಮ ಹಾಡು ಒಂದು ಮೆಟ್ಟಿಲು ಮೇಲೇರಿತೆ ಎಂದು ಕಾದಿದ್ದವರಿಗೆ ಆ ಇಂಗ್ಲಿಷರ ತವಕವನ್ನು ನಾನು ವಿವರಿಸಬೇಕಾಗಿಲ್ಲ.

ಒಂದು ಪತ್ರಿಕೆ ಪಟ್ಟಿ ಮಾಡಿದರೆ ಇನ್ನೊಂದು ಸುಮ್ಮನಿರುತ್ತದೆಯೆ? ‘ಮೆಲೊಡಿ ಮೇಕರ್’ ತನ್ನದೊಂದು ಪಟ್ಟಿ ಹಾಕಿತು. ವರ್ತಕರ ಪತ್ರಿಕೆ ‘ರೆಕಾರ್ಡ್ ರೀಟೇಲರ್’ ಮತ್ತೊಂದು ಹಾಕಿತು. ಪ್ರತಿಯೊಬ್ಬರೂ ಕೇಳುವ ಅಂಗಡಿಗಳೇ ಬೇರೆ. ಇದರಿಂದ ಎಂಥ ತಮಾಷೆಯಾಯಿತು ಎಂಬುದಕ್ಕೆ 1967ರ ಪ್ರಸಂಗ ಸಾಕು. ಆ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡದವರು ‘ಪೆನ್ನಿ ಲೇನ್’, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಎರಡು ಹಾಡುಗಳನ್ನು ಒಂದೇ ತಟ್ಟೆಯ ಎರಡು ಮಗ್ಗುಲಲ್ಲಿ ಹೊರತಂದರು. ಅವರು ಬರೆದ ಅತ್ಯುತ್ತಮ ಹಾಡುಗಳ ಸಾಲಿನಲ್ಲಿ ಇವೆರಡಕ್ಕೂ ಜಾಗವುಂಟು. ಅದಕ್ಕೆ ಹಿಂದೆ ಅವರ 11 ತಟ್ಟೆಗಳು ಒಂದರ ಮೇಲೊಂದು ಮೊದಲ ಸ್ಥಾನಕ್ಕೆ ಏರಿದ್ದುವು. ಹನ್ನೆರಡನೆಯದು ಏರಲಿಲ್ಲ. ದಾರಿಗೆ ಅಡ್ಡ ನಿಂತದ್ದು ‘ರಿಲೀಸ್ ಮಿ’ ಎಂಬ ಹಳೆಯ ಅಮೆರಿಕನ್ ಹಾಡು. ಹಾಡಿದಾತ ಎಂಗೆಲ್‌ಬರ್ಟ್ ಹಂಪರ್‌ಡಿಂಕ್. ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಜರ್ಮನಿಯ ಒಬ್ಬ ಹಳೆಯ ಸಂಗೀತಗಾರನಿಂದ ಎರವಲು ತಂದ ಹೆಸರು. ಈತನ ನಿಜನಾಮ ಆರ್ನಲ್ಡ್ ಜಾರ್ಜ್ ಡಾರ್ಸಿ. ಹುಟ್ಟಿದ್ದು 1936ರಲ್ಲಿ, ನಮ್ಮ ನೆರೆಯ ಮದರಾಸಿನಲ್ಲಿ! ಆತನ ಹಾಡು ಆರು ವಾರ ಮೊದಲ ಸ್ಥಾನದಲ್ಲಿ ನಿಂತಿತು, ಪಟ್ಟಿಯಲ್ಲಿ ಒಟ್ಟು 56 ವಾರ ಉಳಿಯಿತು, ಬ್ರಿಟನ್ನಿನಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು.

ಆದರೆ ಇದೆಲ್ಲ ‘ರೆಕಾರ್ಡ್ ರೀಟೇಲರ್’ ಹೇಳಿದ ಕಥೆ. ‘ಮೆಲೊಡಿ ಮೇಕರ್’ ಪಟ್ಟಿಯಲ್ಲಿ ಬೀಟಲ್ಸರೇ ಮೊದಲಿಗರು. ಬಿಬಿಸಿಯೂ ವರ್ತಕರ ಪತ್ರಿಕೆಯೂ ಸೇರಿ ಒಂದೇ ಪಟ್ಟಿಗೆ ಏರ್ಪಾಡು ಮಾಡಿದ್ದು 1969ರಲ್ಲಿ. ಅದಕ್ಕೂ ಹಿಂದಿನ ಕೆಲವು ವರ್ಷಗಳಿಗೆ ಈಗ ಅಧಿಕೃತವೆಂದು ಎಣಿಸುವುದು ‘ರೆಕಾರ್ಡ್ ರೀಟೇಲರ್’ ಪಟ್ಟಿಯನ್ನೇ. ಹೀಗೆ ಬೀಟಲ್ಸರು ಸೋತದ್ದು ಅಂದಿಗಿಂತ ಹೆಚ್ಚಾಗಿ ಆಮೇಲೆ.

1969ರಿಂದ 250 ಅಂಗಡಿಗಳವರು ಮಾರಿದ್ದನ್ನೆಲ್ಲ ದಿನಚರಿ ಪುಸ್ತಕದಲ್ಲಿ ಬರೆದು ಟಪಾಲಿನಲ್ಲಿ ಕಳಿಸುವ ಕ್ರಮ ಬಂತು. ಲೆಕ್ಕ ಬರೆಯುವ ಅಂಗಡಿ ಯಾವುದೆಂಬ ಗುಟ್ಟು ಹೊರಬಿದ್ದರೆ ಆಯಿತು. ಅಲ್ಲಿಗೆ ಆಳು ಕಳಿಸಿ ತಮ್ಮ ತಟ್ಟೆಗಳನ್ನು ತಾವೇ ಕೊಳ್ಳುವ ಚತುರರು ಇದ್ದೇ ಇದ್ದರು. 1983ರಲ್ಲಿ ಯಂತ್ರಗಳ ಲೆಕ್ಕ ಬಂದಮೇಲೆ ಈ ಕೈಚಳಕ ಸ್ವಲ್ಪ ಕಷ್ಟವಾಯಿತು.

ಇನ್ನು ದೊಡ್ಡ ಸಂಖ್ಯೆಗಳ ಮಾತು. 1963ರ ಬೀಟಲ್ಸರ ‘ಷಿ ಲವ್ಸ್ ಯೂ’ 14 ವರ್ಷ ಅಗ್ರಪೀಠದಲ್ಲಿತ್ತು. 1977ರಲ್ಲಿ ಅದನ್ನು ಇಳಿಸಿದವರು ಅದೇ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ; ಸ್ಕಾಟ್ಲೆಂಡಿನ ಬ್ಯಾಗ್‌ಪೈಪು ಊದಿಸಿ ಮಾಡಿದ ‘ಮಲ್ ಆಫ್ ಕಿಂಟೈರ್’ ಬ್ರಿಟನ್ನಿನಲ್ಲಿ 20 ಲಕ್ಷ ದಾಟಿದ ಮೊದಲ ತಟ್ಟೆ. ಅರುವತ್ತರ ದಶಕದಲ್ಲಿ ಬೀಟಲ್ಸರ ಎರಡು ತಟ್ಟೆಗಳ ಬೆನ್ನಿಗೇ ಮೂರನೆಯದಾಗಿ ನಿಲ್ಲುವುದು ಯಾವುದು ಬಲ್ಲಿರಾ? ಕೆನ್ ಡಾಡ್ ಎಂಬ ವಿದೂಷಕ 1965ರಲ್ಲಿ ಹಾಡಿದ ‘ಟಿಯರ್ಸ್’, ಕಣ್ಣೀರಿನ ಹಾಡು. ನಗಿಸುವವನು ಅತ್ತರೆ ಜನ ಕಾಸು ಬಿಚ್ಚುತ್ತಾರೆಂದು ಕಾಣುತ್ತದೆ.

ಜನ ಹಾಡಿಗಾಗಿಯೇ ತಟ್ಟೆ ಕೊಳ್ಳುತ್ತಾರೆ ಎಂಬ ನಂಬಿಕೆಯೂ 1984ರಲ್ಲಿ ಅಲುಗಾಡಿತು. ಇಥಿಯೋಪಿಯದ ಕ್ಷಾಮವನ್ನು ಬಿಬಿಸಿ ವರದಿಯಲ್ಲಿ ಕಂಡ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಸೇರಿ ಒಂದು ಹಾಡು ಕಟ್ಟಿ, ಹೆಸರುವಾಸಿ ಗಾಯಕರನ್ನೆಲ್ಲ ನವೆಂಬರ್ 25ರಂದು ಒಂದೇ ಸ್ಟುಡಿಯೊದಲ್ಲಿ ಕೂಡಿಸಿದ. ಆ ‘ಬ್ಯಾಂಡ್ ಏಡ್’ ತಟ್ಟೆಯನ್ನು ಒಬ್ಬೊಬ್ಬರು ಎರಡು ಮೂರು ಕೊಂಡರು. ಅವರಿಗೆ ಬೇಕಾಗಿದ್ದದ್ದು ಹಾಡಲ್ಲ, ಹಸಿದವರಿಗೆ ಹೋಗುವ ಹಣ. 1997ರಲ್ಲಿ ರಾಜಕುಮಾರಿ ಡಯಾನಾ ತೀರಿಕೊಂಡಾಗ ಎಲ್ಟನ್ ಜಾನ್ ತನ್ನ 1973ರ ಹಾಡನ್ನೇ ಹೊಸ ಮಾತುಗಳಲ್ಲಿ ಸೆಪ್ಟೆಂಬರ್ 6ರ ಅಂತ್ಯಸಂಸ್ಕಾರದಲ್ಲಿ ಹಾಡಿದ. ಮುಂದಿನ ಶನಿವಾರ ಅಂಗಡಿಗೆ ಬಂದ ತಟ್ಟೆ ಮೊದಲ ವಾರದಲ್ಲೇ 15 ಲಕ್ಷ ಹೋಯಿತು. ಒಟ್ಟು ಸುಮಾರು 49 ಲಕ್ಷ. ಬ್ರಿಟನ್ನಿನಲ್ಲಿ ಅದಕ್ಕಿಂತ ಹೆಚ್ಚು ಮಾರಿದ ಸಿಂಗಲ್ ಇಲ್ಲ. ಕೊಂಡವರಲ್ಲಿ ಎಷ್ಟು ಜನ ಅದನ್ನು ಎರಡನೆಯ ಸಲ ಹಾಕಿ ಕೇಳಿದರೋ! ಸಾವಿನ ಮನೆಗೆ ಒಯ್ದ ಹೂವನ್ನು ಯಾರೂ ಮರಳಿ ಮೂಸಿ ನೋಡುವುದಿಲ್ಲ.

1984ರ ಆ ಕ್ರಿಸ್‌ಮಸ್ ವಾರದಲ್ಲಿ ‘ಬ್ಯಾಂಡ್ ಏಡ್’ ಮೊದಲನೆಯದು. ಎರಡನೆಯದು ‘ವ್ಯಾಮ್’ ತಂಡದ ‘ಲಾಸ್ಟ್ ಕ್ರಿಸ್‌ಮಸ್’. ಅದನ್ನು ಹಾಡಿದ ಜಾರ್ಜ್ ಮೈಕೇಲ್ ‘ಬ್ಯಾಂಡ್ ಏಡ್’ನಲ್ಲೂ ಹಾಡಿದ್ದ, ತನ್ನ ಕೈಯಿಂದ ತಾನೇ ಸೋತಿದ್ದ. ಪ್ರತಿ ವರ್ಷ ಡಿಸೆಂಬರಿನಲ್ಲಿ ಆ ಹಾಡು ಮನೆಮನೆಗಳಲ್ಲಿ ಮೊಳಗಿತು. ಆದರೂ ಹಳೆಯ ತಟ್ಟೆಯನ್ನು ಎಷ್ಟು ಸಲ ಹಾಕಿದರೂ ಅದು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. 2014ರಿಂದ ಅಂತರ್ಜಾಲದಲ್ಲಿ ಕೇಳಿದ್ದನ್ನೂ ಎಣಿಸತೊಡಗಿದರು. 2021ರ ಜನವರಿಯಲ್ಲಿ, 36 ವರ್ಷಗಳ ಮೇಲೆ, ‘ಲಾಸ್ಟ್ ಕ್ರಿಸ್‌ಮಸ್’ ಮೊದಲ ಸಲ ಪಟ್ಟಿಯ ತಲೆಯೇರಿತು. ಜಾರ್ಜ್ ಮೈಕೇಲ್ ಆ ವೇಳೆಗೆ ಇರಲಿಲ್ಲ. 2016ರ ಕ್ರಿಸ್‌ಮಸ್ ದಿನ ತೀರಿಕೊಂಡಿದ್ದ.