ಮಧುಮೇಹಿಗಳೇ, ನಿಮ್ಮ ಪಾದಗಳನ್ನು ಕಾಪಾಡಿಕೊಳ್ಳಿರಿ



ದಿನಕ್ಕೆ ಹಲವು ಬಾರಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ನಾವು ಅಂಗಾಲನ್ನು ನೋಡಿಕೊಳ್ಳುವುದು ಮುಳ್ಳು ಚುಚ್ಚಿದಾಗ ಮಾತ್ರ. ಆರೋಗ್ಯವಂತರಿಗೆ ಇದರಿಂದ ಬಾಧಕವಿಲ್ಲ. ನೋವೇ ಅವರನ್ನು ಎಚ್ಚರಿಸುತ್ತದೆ. ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ ಇರುವವರು ಮಾತ್ರ ನೋವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆಯಿದೆ. ಆದುದರಿಂದ ಇದು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದ ವಿಷಯ.

ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಾಗಿದ್ದರೆ ಕಾಲಿನ ನರಗಳು ದುರ್ಬಲಗೊಂಡು ಸ್ಪರ್ಶಜ್ಞಾನ ಕುಂದುತ್ತದೆ. ರಕ್ತನಾಳಗಳು ಕಿರಿದಾಗಿ, ಗಾಯ ಮಾಯಲು ಬೇಕಾದಷ್ಟು ರಕ್ತ ಪಾದಕ್ಕೆ ಹರಿಯುವುದಿಲ್ಲ. ಇಂಥವರ ಚಪ್ಪಲಿಯನ್ನು ತೂರಿ ಮೊಳೆಯೊಂದು ಅಂಗಾಲಿಗೆ ನಾಟಿದರೂ ತಿಳಿಯದೆ ಹೋಗಬಹುದು. ಕೀವಾಗಿ, ದುರ್ವಾಸನೆ ಬಂದ ಮೇಲೆ ಮನೆಯವರ ಗಮನಕ್ಕೆ ಬರುವ ವೇಳೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ದುಸ್ಥಿತಿ ಒದಗಬಹುದು. ಇಂತಹ ಅಂಗಹಾನಿಯನ್ನು ಬಹುಮಟ್ಟಿಗೆ ತಪ್ಪಿಸಲು ಸಾಧ್ಯವಿದೆ.

ಪ್ರತಿದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಪಾದಗಳನ್ನು ತೊಳೆಯಿರಿ. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ಪರೀಕ್ಷಿಸಿರಿ. ಬೆರಳುಗಳ ಸಂದಿಯನ್ನು ಮೆತ್ತನೆಯ ಬಟ್ಟೆಯಿಂದ ಒರಸಿರಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದಿಗೆ ಸವರಕೂಡದು. ಅನಂತರ ಬೆಳಕಿನಲ್ಲಿ ಗಾಯ, ಗುಳ್ಳೆ, ಬಾವು, ಬಣ್ಣದ ಬದಲಾವಣೆಗಳಿವೆಯೇ ಎಂದು ನೋಡಿರಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ. ದೃಷ್ಟಿ ಮಂದವಾದ ಹಿರಿಯರಿದ್ದರೆ ಮಗನೋ ಸೊಸೆಯೋ ಮೊಮ್ಮಕ್ಕಳೋ ನೋಡಿ ಹೇಳಲಿ. ಇದರಲ್ಲಿ ಸಂಕೋಚ ಬೇಡ.

ಉಗುರನ್ನು ನೇರವಾಗಿ ಕತ್ತರಿಸಿರಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು ಅಪಾಯಕರ. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿರಿ. ಮೆತ್ತನೆಯ, ಅಳತೆಗೆ ಸರಿಹೊಂದುವ ಪಾದರಕ್ಷೆಯನ್ನು ಕೊಡವಿ ನೋಡಿ ಧರಿಸಿರಿ. ದೇವಾಲಯದ ಪ್ರದಕ್ಷಿಣೆಯನ್ನು ಕಲ್ಲುಹಾಸು ತಂಪಾಗಿರುವ ಮುಂಜಾನೆಯಲ್ಲಿ ಮುಗಿಸಿರಿ. ಬೀಡಿ, ಸಿಗರೇಟುಗಳನ್ನು ಬಿಟ್ಟುಬಿಡಿರಿ; ಅವು ರಕ್ತನಾಳಗಳನ್ನು ಇನ್ನಷ್ಟು ಕಿರಿದಾಗಿಸುತ್ತವೆ.

ಗಾಯ ಕಂಡುಬಂದರೆ ಸುಣ್ಣ, ಹೊಗೆಸೊಪ್ಪು, ಗಿಡದ ಹಾಲು ಮುಂತಾದುವನ್ನು ಹಚ್ಚಬೇಡಿರಿ. ಶುದ್ಧ ನೀರಿನಿಂದ ತೊಳೆದು, ಒಗೆದ ಬಟ್ಟೆ ಕಟ್ಟಿ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಬಾವು, ಜ್ವರ, ದುರ್ವಾಸನೆ ಅಥವಾ ಕಪ್ಪುಬಣ್ಣ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ‘ನೋವಿಲ್ಲವಲ್ಲ, ತಾನಾಗಿ ಮಾಯುತ್ತದೆ’ ಎಂಬ ಮಾತೇ ಅನೇಕರ ಕಾಲನ್ನು ಕಳೆದಿದೆ.

ಗಾಯವಿಲ್ಲದವರೂ ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದಗಳನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಸ್ಪರ್ಶ ತಿಳಿಯುವುದೋ ಇಲ್ಲವೋ ಎಂದು ಅವರು ಕೆಲವೇ ನಿಮಿಷಗಳಲ್ಲಿ ಕಂಡುಕೊಳ್ಳಬಲ್ಲರು. ಔಷಧಿ, ಪಥ್ಯ, ನಿಯಮಿತ ವ್ಯಾಯಾಮಗಳಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವುದಂತೂ ಅತ್ಯವಶ್ಯ.

ಬಂಧುಗಳೇ, ದುಡಿಯುವವರ ಕಾಲು ಹೋದರೆ ಇಡೀ ಸಂಸಾರವೇ ಕುಂಟುತ್ತದೆ. ದಿನಕ್ಕೆ ಐದು ನಿಮಿಷಗಳ ಈ ಆರೈಕೆಯನ್ನು ಇಂದು ರಾತ್ರಿಯಿಂದಲೇ ಆರಂಭಿಸಿರಿ.